ಓಕಪ್ಪನವರ ನೆಲ

ಮನೆ ಕಟ್ಟಿಸುವವರಲ್ಲಿ ನಾನಾ ಪಂಗಡಗಳಿವೆ. ವಾಸ್ತು ಪಂಗಡದವರಿಗೆ ಈಶಾನ್ಯದಲ್ಲಿ ಸಂಪ್ ಬರದಿದ್ದರೆ ಅನ್ನ ಸೇರುವುದಿಲ್ಲ. ಬಾಗಿಲು ಪಂಗಡದವರು ಚೌಕಟ್ಟಿನ ತೇಗಕ್ಕಾಗಿ ದಾಂಡೇಲಿಯವರೆಗೂ ಹೋಗಿ ಬರುತ್ತಾರೆ. ಇವೆಲ್ಲ ಹಳೆಯ ಕಾಯಿಲೆಗಳು, ನೆಂಟರಿಷ್ಟರಿಗೆ ರೂಢಿಯಾಗಿವೆ. ಈಚೆಗೆ ಸರ್ಜಾಪುರ ರಸ್ತೆ, ವೈಟ್‌ಫೀಲ್ಡ್, ಹೆಣ್ಣೂರು ಕಡೆಯ ಫ್ಲ್ಯಾಟುಗಳಲ್ಲಿ ಹೊಸದೊಂದು ಪಂಗಡ ತಲೆಯೆತ್ತಿದೆ. ಇವರನ್ನು ನಾವು ಬೆನ್ನ ಹಿಂದೆ ಓಕಪ್ಪ ಎನ್ನುತ್ತೇವೆ. ಎದುರಿಗೆ ಸಿಕ್ಕರೆ ಏನೂ ಎನ್ನುವುದಿಲ್ಲ. ಎನ್ನಲು ಅವರು ಬಿಡುವುದಿಲ್ಲ.

ಓಕಪ್ಪನವರಿಗೆ ವಯಸ್ಸು ನಲವತ್ತರ ಮೇಲೆ. ಕಂಪನಿ ಕೆಲಸದ ಮೇಲೆ ಯೂರೋಪಿನಲ್ಲಿ ಒಂದೆರಡು ವರ್ಷ ಇದ್ದು ಬಂದವರು. ಅಲ್ಲಿನ ಬಾಡಿಗೆ ಮನೆಯಲ್ಲಿ ಒಂದು ಬೆಳಗ್ಗೆ ಬರಿಗಾಲಲ್ಲಿ ಕಾಫಿ ಹಿಡಿದು ಓಕ್ ಮರದ ನೆಲದ ಮೇಲೆ ನಡೆದರಂತೆ. ಅಲ್ಲಿಂದಾಚೆಗೆ ಅವರ ಪಾದಕ್ಕೆ ಟೈಲ್ಸ್ ಒಗ್ಗುತ್ತಿಲ್ಲ. ಹುಟ್ಟಿ ಬೆಳೆದ ಮನೆಯ ರೆಡ್ ಆಕ್ಸೈಡ್ ನೆಲದ ಮೇಲೆ ಇದೇ ಪಾದ ಇಪ್ಪತ್ತು ವರ್ಷ ಓಡಾಡಿದ್ದನ್ನು ನೆನಪಿಸಿದರೆ, "ಆಗ ಎಕ್ಸ್‌ಪೋಷರ್ ಇರಲಿಲ್ಲ" ಎನ್ನುತ್ತಾರೆ.

ಅವರ ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಲ್ಯಾಪ್‌ಟಾಪಿಗೆ ಜಾಗವಿಲ್ಲ. ಅದರ ತುಂಬ ಅಂಗೈಯಗಲದ ಮರದ ತುಂಡುಗಳು, ಒಂದೊಂದರ ಬೆನ್ನಿಗೂ ಚೀಟಿ. ಎಲ್ಲಿ ಹೋದರೂ ಪ್ರಾತ್ಯಕ್ಷಿಕೆ ತಪ್ಪಿದ್ದಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರ ನೀರಿನ ಲೋಟವನ್ನು ಎಳೆದುಕೊಂಡು, ಕೆಂಪು ಓಕಿನ ಸಣ್ಣ ತುಂಡೊಂದರ ತುದಿಯನ್ನು ಅದರಲ್ಲಿ ಅದ್ದಿ, ಇನ್ನೊಂದು ತುದಿಗೆ ಬಾಯಿಟ್ಟು ಊದುತ್ತಾರೆ. ನೀರಿನಲ್ಲಿ ಗುಳ್ಳೆ ಏಳುತ್ತವೆ. "ನೋಡಿದ್ರಾ? ಅಮೆರಿಕದ ರೆಡ್ ಓಕ್. ರಂಧ್ರ ಎಲ್ಲಾ ತೆರೆದಿದೆ. ಈಗ ವೈಟ್ ಓಕ್ ನೋಡಿ." ಕೆನ್ನೆ ಉಬ್ಬಿಸಿ ಊದುತ್ತಾರೆ, ಗುಳ್ಳೆ ಬರುವುದಿಲ್ಲ. ಮರವೇ ಒಳಗಿನಿಂದ ತನ್ನ ರಂಧ್ರಗಳನ್ನು ಮುಚ್ಚಿಕೊಂಡಿರುತ್ತದೆ, ವಿಸ್ಕಿಯ ಪೀಪಾಯಿಗೆ ಬಿಳಿ ಓಕೇ ಆಗಬೇಕು ಎನ್ನುವುದು ಈ ಕಾರಣಕ್ಕೆ. ಮಾತು ಸತ್ಯವೇ. ಆದರೆ ಅವರು ಊದುವ ಭಂಗಿ ಕಂಡು ವಾಲಗದವರು ತಿರುಗಿ ತಿರುಗಿ ನೋಡುತ್ತಿದ್ದರು.

ಬಿಲ್ಡರ್ ಮಾಸ್ಟರ್ ಬೆಡ್‌ರೂಮಿಗೆ 'ವುಡನ್ ಫ್ಲೋರಿಂಗ್' ಕೊಟ್ಟಿದ್ದ. ಓಕಪ್ಪನವರು ಉಗುರಿನಲ್ಲಿ ಕೆರೆದು ನೋಡಿ ಕಿತ್ತು ಹಾಕಿಸಿದರು. ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆ, ಅದರ ಮೇಲೆ ಮರದ ಗೆರೆ ಅಚ್ಚುಹಾಕಿದ ಕಾಗದ, ಅದರ ಮೇಲೊಂದು ಗಟ್ಟಿ ಪದರ: ಲ್ಯಾಮಿನೇಟ್ ಎಂದರೆ ಇಷ್ಟೇ. "ಇದು ಮರವಲ್ಲ ಸ್ವಾಮಿ, ಮರದ ಫೋಟೋ" ಎಂದು ಸೇಲ್ಸ್ ಹುಡುಗನನ್ನು ನಿಲ್ಲಿಸಿ ಬೈದರು. ಆ ಹುಡುಗ ತನ್ನ ಬಾಡಿಗೆ ಮನೆಗೆ ಇದೇ ಫೋಟೋ ಹಾಕಿಸಿಕೊಳ್ಳಬೇಕೆಂದು ದುಡ್ಡು ಕೂಡಿಡುತ್ತಿದ್ದನೆಂದು ಆಮೇಲೆ ತಿಳಿಯಿತು.

ಓಕಪ್ಪನವರಿಗೆ ಸರಿಸಮಾನ ಎದುರಾಳಿ ಸಿಕ್ಕಿದ್ದು ಶಿರಸಿಯ ಮಾವನವರಲ್ಲಿ. ತೇಗ, ಬೀಟೆ, ಮತ್ತಿ, ಹೊನ್ನೆ ಎಂದು ಮರಗಳನ್ನು ಬಂಧುಗಳ ಹಾಗೆ ಹೆಸರು ಹಿಡಿದು ಕರೆಯುವವರು. ಅವರ ಮುಂದೆ ಅಳಿಯ ಜಾಂಕಾ ಪರೀಕ್ಷೆಯನ್ನು ವಿವರಿಸಿದರು. 11.28 ಮಿಲಿಮೀಟರ್ ವ್ಯಾಸದ ಉಕ್ಕಿನ ಗುಂಡನ್ನು ಮರದೊಳಗೆ ಅರ್ಧದಷ್ಟು ಹೂಳಲು ಎಷ್ಟು ಬಲ ಬೇಕೋ ಅದು ಆ ಮರದ ಗಡಸುತನ. ಅಮೆರಿಕದ ಬಿಳಿ ಓಕಿಗೆ ಸುಮಾರು 1,360 ಪೌಂಡ್. ತೇಗಕ್ಕೆ 1,070ರ ಆಸುಪಾಸು. ಅಂದರೆ ತೇಗ ಮೆದು.

ಮಾವನವರು ಅಡಿಕೆ ಹೋಳನ್ನು ದವಡೆಗೆ ಸರಿಸಿದರು. "ಇರ್ಬಹುದು ಅಳಿಯಂದ್ರೇ. ಆದ್ರೆ ನಮ್ಮನೆಗೆ ಗುಂಡು ಒತ್ತೋಕೆ ಇವತ್ತಿನವರೆಗೂ ಯಾರೂ ಬಂದಿಲ್ಲ. ಗೆದ್ದಲು ಬರ್ತದೆ."

ಇದಕ್ಕೆ ಓಕಪ್ಪನವರ ಬ್ಯಾಗಿನಲ್ಲಿ ಉತ್ತರವಿರಲಿಲ್ಲ. ತೇಗದಲ್ಲಿರುವ ಎಣ್ಣೆಯಂಶ ಗೆದ್ದಲಿಗಾಗದು. ಮಳೆಗಾಲ ಬೇಸಿಗೆಗಳಲ್ಲಿ ಹಿಗ್ಗಿ ಕುಗ್ಗುವುದೂ ಓಕಿಗಿಂತ ಕಡಿಮೆ. ಮಾವನವರು ಅಷ್ಟಕ್ಕೇ ನಿಲ್ಲಿಸದೆ, ನಿಮ್ಮ ಬೆಂಗಳೂರಿನ ಕೋಟೆ ಪಕ್ಕದ ಟಿಪ್ಪು ಅರಮನೆ ತೇಗದ್ದು, 1791ರಿಂದ ನಿಂತಿದೆ ಎಂದರು. ಅಳಿಯ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಹಾಲಿನ ಓಕ್ ಮಾಡನ್ನು ಮುಂದಿಟ್ಟರು, 1390ರ ದಶಕದ್ದು. ನಾಲ್ಕು ನೂರು ವರ್ಷಗಳ ಅಂತರದಿಂದ ಅಳಿಯ ಗೆದ್ದಂತಾಯಿತು. "ಮಾಡು ತಲೆ ಮೇಲಿರ್ತದೆ, ಅದನ್ನ ಯಾರು ಒರೆಸ್ತಾರೆ?" ಎಂದು ಅತ್ತೆಯವರು ಒಳಗಿನಿಂದ ಕೇಳಿದ್ದು ಇಬ್ಬರಿಗೂ ಬೇಕಿರಲಿಲ್ಲ.

ಆಮೇಲೆ ಸರಕು ಬಂತು. ಓಕ್ ಹಲಗೆಗೆ ದರ್ಜೆಗಳಿವೆ. ಗಂಟಿಲ್ಲದೆ, ಗೆರೆ ನೇರವಾಗಿದ್ದರೆ ಪ್ರೈಮ್. ಗಂಟು, ಬಿರುಕು, ಬಣ್ಣದ ಏರುಪೇರು ಎಲ್ಲ ಇದ್ದರೆ ರಸ್ಟಿಕ್. ಓಕಪ್ಪನವರು ಪ್ರೈಮನ್ನು "ಅದರಲ್ಲಿ ಕ್ಯಾರೆಕ್ಟರ್ ಇಲ್ಲ" ಎಂದು ತಿರಸ್ಕರಿಸಿ ರಸ್ಟಿಕ್ ತರಿಸಿದ್ದರು. ಬಡಗಿ ಕಟ್ಟು ಬಿಚ್ಚಿದವನೇ ಮುಖ ಸಣ್ಣಗೆ ಮಾಡಿಕೊಂಡ. ಜೀವಮಾನವೆಲ್ಲ ಗಂಟಿರುವ ಹಲಗೆಯನ್ನು ಪಕ್ಕಕ್ಕೆಸೆಯುತ್ತ ಬಂದವನು. "ಸಾರ್, ನಿಮಗೆ ಮೋಸ ಮಾಡವ್ರೆ. ಪೂರ್ತಿ ಗಂಟು ಮಾಲು. ಬಿಲ್ ಕೊಡಿ, ವಾಪಸ್ ಮಾಡಿಸ್ಕೊಂಡು ಬರ್ತೀನಿ." ಗಂಟು ಬೇಕೆಂದೇ ತರಿಸಿದ್ದು ಎಂದು ತಿಳಿದ ಮೇಲೆ ಅವನು ಓಕಪ್ಪನವರ ಜೊತೆ ಮಾತಾಡುವಾಗಲೆಲ್ಲ ದನಿ ತಗ್ಗಿಸತೊಡಗಿದ.

ಬಣ್ಣದ ಪ್ರಸಂಗವೂ ಹಾಗೇ. ಓಕಿನಲ್ಲಿ ಒಗರು ಜಾಸ್ತಿ, ಟ್ಯಾನಿನ್ ಅನ್ನುತ್ತಾರಲ್ಲ ಅದು. ಅಮೋನಿಯಾದ ಆವಿ ತಾಗಿಸಿದರೆ ಮರ ತಾನಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಮಲಗುವ ಕೋಣೆಗೆ ಬಂದದ್ದು ಈ ಬಗೆಯ ಹಲಗೆ, ದರ ಇನ್ನಷ್ಟು ಮೇಲೆ. ಕುದುರೆ ಲಾಯದ ಓಕ್ ಹಲಗೆಗಳು ಕಪ್ಪಾಗಿದ್ದನ್ನು ಕಂಡೇ ಈ ವಿದ್ಯೆ ಹೊಳೆಯಿತು ಎಂಬ ಮಾತೂ ಇದೆ. ಇದನ್ನು ಓಕಪ್ಪನವರು ಅಭಿಮಾನದಿಂದ ಹೇಳಿದಾಗ ಮಾವನವರು, "ಮೊದ್ಲೇ ಹೇಳಿದ್ರೆ ನಮ್ಮ ಕೊಟ್ಟಿಗೇಲಿ ಆರು ತಿಂಗಳು ಹಾಕಿಡ್ತಿದ್ನಲ್ಲ, ಬಿಟ್ಟಿ ಆಗ್ತಿತ್ತು" ಎಂದು ನಿಜವಾಗಿಯೂ ನೊಂದುಕೊಂಡರು.

ಮರದ ನೆಲಕ್ಕೆ ಅದರದೇ ಮುಹೂರ್ತವಿದೆ. ಅಡಿಯ ಕಾಂಕ್ರೀಟು ಒಣಗದೆ ಹಲಗೆ ಹಾಸಿದರೆ ತೇವ ಹೀರಿ ಉಬ್ಬುತ್ತದೆ. ಸಿಮೆಂಟ್ ಗಾರೆ ಒಣಗಲು ಒಂದು ಮಿಲಿಮೀಟರಿಗೆ ಒಂದು ದಿನ ಎಂಬ ಲೆಕ್ಕ, ಐವತ್ತು ಮಿಲಿಮೀಟರಿಗೆ ಹತ್ತಿರ ಹತ್ತಿರ ಎರಡು ತಿಂಗಳು. ಜೋಯಿಸರು ಇಟ್ಟುಕೊಟ್ಟ ದಿನ ಅದಕ್ಕಿಂತ ಮೊದಲೇ ಬಂತು. ಯಜಮಾನರಿಗೆ ಗುರುಬಲವಿತ್ತು, ಗಾರೆಗೆ ಇರಲಿಲ್ಲ. ಗೃಹಪ್ರವೇಶ ಮುಂದಕ್ಕೆ ಹೋಯಿತು. ಜೋಯಿಸರಿಗೆ ಕಾರಣ ಹೇಳುವಾಗ ಓಕಪ್ಪನವರು ತೇವದ ಮೀಟರನ್ನೇ ತೋರಿಸಿದರು. ಅವರು ಅದನ್ನು ತಿರುಗಿಸಿ ನೋಡಿ, ಇದು ಯಾವ ಪಂಚಾಂಗ ಎಂದರಂತೆ.

ಹಾಸುವ ಮುನ್ನ ಹಲಗೆಗಳು ಆ ಮನೆಯ ಗಾಳಿಗೆ ಒಗ್ಗಬೇಕು. ಅದಕ್ಕಾಗಿ ಅವು ಕೆಲವು ದಿನ ಹೊಸ ಮನೆಯಲ್ಲೇ ಮಟ್ಟಸವಾಗಿ ಮಲಗಿದ್ದವು. ಓಕಪ್ಪನವರು ದಿನಾ ಸಂಜೆ ಹೋಗಿ ಕಿಟಕಿ ಒಂದಿಷ್ಟು ತೆರೆದು, ಒಂದಿಷ್ಟು ಮುಚ್ಚಿ ಬರುತ್ತಿದ್ದರು. ಮಕ್ಕಳಿಗೆ ಜ್ವರ ಬಂದಾಗ ಥರ್ಮಾಮೀಟರ್ ಎಲ್ಲಿದೆ ಎಂದೇ ತಿಳಿಯದ ಮನುಷ್ಯ! ಗೋಡೆಯ ಅಂಚಿನಲ್ಲಿ ಸುತ್ತಲೂ ಹತ್ತು ಹನ್ನೆರಡು ಮಿಲಿಮೀಟರ್ ಸಂದು ಬಿಡಿಸಿದರು, ಮರ ಹಿಗ್ಗಿದರೆ ಜಾಗ ಬೇಕಲ್ಲ. ಸಂದಿನ ಮೇಲೆ ಸ್ಕರ್ಟಿಂಗ್ ಬಂತು. "ಜಿರಳೆಗಳಿಗೆ ರಿಂಗ್ ರೋಡ್ ಆಯ್ತು" ಎಂದರು ಅತ್ತೆ.

ಇಷ್ಟೂ ಹಾಲಿನ, ಕೋಣೆಗಳ ಮಾತು. ಅಸಲು ಯುದ್ಧ ನಡೆದದ್ದು ಅಡುಗೆಮನೆಯಲ್ಲಿ. ಓಪನ್ ಕಿಚನ್, ಹಾಲಿನಿಂದ ಒಲೆಯವರೆಗೆ ನೆಲ ಒಂದೇ ಸಮ ಹರಿಯಬೇಕು ಎಂಬುದು ಓಕಪ್ಪನವರ ಕನಸು. ಹೆಂಡತಿಯದು ಒಂದೇ ಪ್ರಶ್ನೆ, ಗ್ರೈಂಡರ್ ತೊಳೆದ ನೀರು ಎತ್ತ ಹರಿಯಬೇಕು? ಅದಕ್ಕೆ ಅವರ ಬಳಿ ಅರ್ಧ ಗಂಟೆಯ ಉತ್ತರವಿತ್ತು. ಇಡಿಯ ಮರದ ಹಲಗೆ ಅಡುಗೆಮನೆಗೆ ಹಾಕಲೇಬಾರದು, ಒಪ್ಪಿದೆ. ಎಂಜಿನಿಯರ್ಡ್ ಹಲಗೆ ಬೇರೆ. ಕೆಳಗೆ ಅಡ್ಡಡ್ಡ ಅಂಟಿಸಿದ ಪ್ಲೈವುಡ್, ಮೇಲೆ ನಾಲ್ಕು ಮಿಲಿಮೀಟರ್ ಅಸಲಿ ಓಕ್. ಅದು ಅಷ್ಟು ಸುಲಭಕ್ಕೆ ಸೊಟ್ಟಗಾಗದು. ಮೇಲೆ ಗಟ್ಟಿ ಲೇಪನ. ನೀರು ಬಿದ್ದರೆ ಕೂಡಲೇ ಒರೆಸಿದರಾಯಿತು.

ನನ್ನನ್ನು ಕೇಳಿದರೆ ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಜಗತ್ತಿನ ಎಷ್ಟೋ ಅಡುಗೆಮನೆಗಳಲ್ಲಿ ಓಕ್ ಸುಖವಾಗಿದೆ. ಅಲ್ಲಿ ನೆಲದ ಮೇಲೆ ಕೂತು ಕಾಯಿ ತುರಿಯುವುದಿಲ್ಲ, ಕತ್ತಿಯ ಬೆನ್ನಿನಲ್ಲಿ ತೆಂಗಿನಕಾಯಿ ಒಡೆಯುವುದಿಲ್ಲ, ಕುಕ್ಕರಿನ ಮೂರನೆಯ ಸೀಟಿಗೆ ಬೇಳೆಕಟ್ಟು ಚಿಮ್ಮುವುದಿಲ್ಲ. ಮತ್ತೆ ಅಲ್ಲಿ ಗ್ಯಾಸಿನವನು ಬರುವುದಿಲ್ಲ. 14.2 ಕಿಲೋ ಅನಿಲ, ಉಕ್ಕಿನ ತೂಕವೂ ಸೇರಿ ಮೂವತ್ತರ ಹತ್ತಿರ. ಅದನ್ನು ನಮ್ಮವನು ಎತ್ತಿ ತರುತ್ತಾನೆಯೇ? ಓರೆ ಮಾಡಿ, ಅಂಚಿನ ಮೇಲೆ ಗಿರ್ರನೆ ತಿರುಗಿಸುತ್ತ ಬಾಗಿಲಿನಿಂದ ಒಲೆಯ ಬುಡಕ್ಕೆ ತಂದು ಧೊಪ್ಪೆಂದು ಕೂರಿಸುತ್ತಾನೆ. ಜಾಂಕಾ ಪರೀಕ್ಷೆ ನಮ್ಮಲ್ಲಿ ನಡೆಯುವುದು ಹೀಗೆ. ಓಕಪ್ಪನವರು ಗ್ಯಾಸಿನವನನ್ನು ಲಿಫ್ಟಿನ ಬಳಿಯೇ ತಡೆದು, ತಾವೇ ಸಿಲಿಂಡರ್ ಹೊತ್ತು ತಂದು, ಸೊಂಟ ಹಿಡಿದುಕೊಂಡು ವಾರ ಮಲಗಿದರು. ಮಲಗಿದ್ದು ಓಕಿನ ಮೇಲೆಯೇ. ಬೆನ್ನಿಗೆ ಬೆಚ್ಚಗೆ ಹಿತವಾಗಿದೆ ಎಂದು ಬಂದವರಿಗೆಲ್ಲ ಹೇಳಿದರು.

ಗೃಹಪ್ರವೇಶದ ದಿನ ಹಸುವಿನ ವಿಷಯ ಬಂತು. ಗೊರಸನ್ನು ನೆನೆದೇ ಓಕಪ್ಪನವರ ಬಣ್ಣ ಇಳಿಯಿತು. ಲಿಫ್ಟಿಗೆ ಭಾರವಾಗುತ್ತದೆ ಎಂದು ನೆಪ ಹೇಳಿ ಬೆಳ್ಳಿಯ ಹಸು ಕರುವನ್ನು ಒಳಗೆ ತಂದರು. ಹೋಮಕುಂಡದ ಕೆಳಗೆ ಮರಳು, ಮರಳಿನ ಕೆಳಗೆ ಇಟ್ಟಿಗೆ, ಇಟ್ಟಿಗೆಯ ಕೆಳಗೆ ಸಿಮೆಂಟ್ ಶೀಟು, ಅದರ ಕೆಳಗೆ ರಬ್ಬರ್ ಚಾಪೆ. ಪುರೋಹಿತರು ಆಹುತಿ ಹಾಕಲು ಕೈಯನ್ನು ಎದೆಮಟ್ಟಕ್ಕೆ ಎತ್ತಬೇಕಾಯಿತು. ಹಾಲುಕ್ಕಿಸುವಾಗ ಒಲೆಯ ಸುತ್ತ ದೊಡ್ಡ ಪರಾತ. "ಉಕ್ಕಿ ಚೆಲ್ಲಬೇಕು ಕಣೋ, ಅದೇ ಶಾಸ್ತ್ರ" ಎಂದು ಅವರ ತಾಯಿ ಗೋಗರೆದರು. ಬಂದ ನೆಂಟರ ಕಾಲಡಿಗೆ ಬಾಗಿಲಿನಿಂದ ಬಾಲ್ಕನಿಯವರೆಗೆ ಜಮಖಾನ. ಊಟ ಮುಗಿಸಿ ತಾಂಬೂಲ ಹಿಡಿದು ಹೊರಟವರೆಲ್ಲ ಮನೆ ತುಂಬ ಚೆನ್ನಾಗಿದೆ, ಗಾಳಿ ಬೆಳಕು ಚೆನ್ನಾಗಿದೆ, ಜಮಖಾನ ಎಲ್ಲಿ ತಗೊಂಡ್ರಿ ಎಂದು ಕೇಳಿ ಹೋದರು.

ನೆಲ ಒರೆಸುವ ಹೆಂಗಸಿಗೆ ನಿಯಮಾವಳಿ ಓದಿ ಹೇಳಲಾಯಿತು. ಬಕೆಟ್ ನೀರು ಸುರಿಯಬಾರದು, ಫಿನಾಯಿಲ್ ಮುಟ್ಟಬಾರದು, ಬಟ್ಟೆಯನ್ನು ತೊಟ್ಟೂ ಬೀಳದಂತೆ ಹಿಂಡಬೇಕು. ಅವಳು ಎಲ್ಲ ಕೇಳಿಸಿಕೊಂಡು, "ಅಷ್ಟು ಹಿಂಡೋದಾದ್ರೆ ಐನೂರು ಜಾಸ್ತಿ ಆಯ್ತದೆ ಅಣ್ಣ" ಎಂದಳು. ಕೊಟ್ಟರು.

ಮಾರ್ಚಿನಲ್ಲಿ ಗಾಳಿ ಒಣಗಿ ಹಲಗೆಗಳ ನಡುವೆ ಕೂದಲೆಳೆಯ ಬಿರುಕು ಕಾಣಿಸಿದವು. ಓಕಪ್ಪನವರು ಅವುಗಳ ಫೋಟೋ ತೆಗೆದು ಆಗಸ್ಟಿನವರೆಗೆ ಕಾದರು. ಮಳೆ ಹಿಡಿಯಿತು, ಬಿರುಕು ಮುಚ್ಚಿಕೊಂಡವು. "ಉಸಿರಾಡ್ತಾ ಇದೆ" ಎಂದು ಪಿಸುಗುಟ್ಟಿದರು. ಎಲ್ಲವೂ ಸರಿಹೋಯಿತು ಎನ್ನುವಷ್ಟರಲ್ಲಿ ಆಯುಧಪೂಜೆ ಬಂತು. ಅವರ ಅಮ್ಮ ಈಳಿಗೆಮಣೆ, ಕತ್ತಿ, ಕಬ್ಬಿಣದ ಕಾವಲಿಯನ್ನೆಲ್ಲ ತೊಳೆದು ಅಡುಗೆಮನೆಯ ನೆಲದ ಮೇಲೆ ಸಾಲಾಗಿಟ್ಟು ಕುಂಕುಮ ಹಚ್ಚಿದರು. ಬೆಳಗ್ಗೆ ಎತ್ತಿ ನೋಡಿದರೆ ಹೊಳೆಯುವ ಓಕಿನ ಮೇಲೆ ಕಾವಲಿಯ ಗಾತ್ರದ ನೀಲಿಗಪ್ಪು ವೃತ್ತ. ಹೆಂಡತಿ ಗ್ರೈಂಡರ್ ಎಳೆದಾಡಿ ಎಂದೋ ಕೆರೆದಿದ್ದ ಲೇಪನದಡಿಗೆ ನೀರು ಇಳಿದಿತ್ತು. ಓಕಪ್ಪನವರು ಕುಸಿದು ಕೂತರು. ಕಲೆಯ ಕುಲಗೋತ್ರ ಹೇಳಿದ್ದು ಮಾವನವರು, "ಇದು ಶಾಯಿ ಅಲ್ವೋ! ಅಳಲೆಕಾಯಿ ಒಗರಿಗೆ ಅನ್ನಭೇದಿ ಹಾಕಿ ನಮ್ಮಜ್ಜ ಮಾಡ್ತಿದ್ದ. ಒಗರು, ಕಬ್ಬಿಣ, ನೀರು. ಮೂರೂ ಸೇರ್ಸಿದೀರಿ, ಇನ್ನೇನು ಆಗ್ಬೇಕು?"

ಆಕ್ಸಾಲಿಕ್ ಆಮ್ಲ ತರಿಸಿ ಹಚ್ಚಿದರು. ಕಪ್ಪು ಹೋಯಿತು. ಹೋದ ಜಾಗ ಮಾತ್ರ ಉಳಿದ ನೆಲಕ್ಕಿಂತ ಬೆಳ್ಳಗಾಗಿ, ಈಗ ಬಾಗಿಲಿನಿಂದಲೇ ಕಾಣುತ್ತದೆ. ಅದನ್ನು ಸರಿಮಾಡಲು ಉಜ್ಜಿ ಮತ್ತೆ ಲೇಪನ ಹಚ್ಚುವವನು ಮುಂಬೈಯಿಂದ ಬರಬೇಕಂತೆ. ಹೆಂಡತಿ ಅಷ್ಟು ದಿನ ಕಾಯಲಿಲ್ಲ. ಚಿಕ್ಕಪೇಟೆಗೆ ಹೋಗಿ ಮೀಟರ್ ಲೆಕ್ಕದಲ್ಲಿ ಪ್ಲಾಸ್ಟಿಕ್ ಶೀಟ್ ಕತ್ತರಿಸಿಕೊಂಡು ಬಂದು, ಒಲೆಯಿಂದ ಸಿಂಕಿನವರೆಗೆ, ಸಿಂಕಿನಿಂದ ಫ್ರಿಜ್ಜಿನವರೆಗೆ ಹಾಸಿ ನಾಲ್ಕೂ ಅಂಚಿಗೆ ಟೇಪು ಬಡಿದರು. ಗ್ರೈಂಡರ್ ನೀರು ಈಗ ಯಾರ ಹಂಗಿಲ್ಲದೆ ಹರಿಯುತ್ತಿದೆ. ಶೀಟಿನ ಮೇಲೆ ಮರದ ಗೆರೆ, ಮರದ ಗಂಟು, ಎಲ್ಲ ಅಚ್ಚುಕಟ್ಟಾಗಿ ಅಚ್ಚಾಗಿದೆ. ಮೊನ್ನೆ ಹೋದಾಗ ಮಾವನವರು ಕನ್ನಡಕ ಏರಿಸಿ, ಬಗ್ಗಿ ಅದನ್ನೇ ನೋಡುತ್ತಿದ್ದರು.

"ಇದು ತೇಗವೇ" ಎಂದರು.