ಶನಿವಾರಸಿದ್ಧಿ: 2034ರ ವಿಶ್ವಕಪ್ಪಿಗೆ ಉಚ್ಚಂಗಿದುರ್ಗದಿಂದ ಒಂದು ತಂಡ

ಪ್ರಸ್ತಾವನೆ

2034ರ ಫುಟ್‌ಬಾಲ್ ವಿಶ್ವಕಪ್ ಸೌದಿ ಅರೇಬಿಯಾದಲ್ಲಿ ನಡೆಯಲಿದೆ. ಅಲ್ಲಿ ಭಾರತದ ಪರವಾಗಿ ಕಣಕ್ಕಿಳಿಯಬೇಕಾದ ಹನ್ನೊಂದು ಮಂದಿಯನ್ನು ಶಾಸ್ತ್ರೋಕ್ತವಾಗಿ ನಿರ್ಣಯಿಸುವುದು ಈ ಪ್ರಬಂಧದ ಉದ್ದೇಶ. ಭಾರತ ಮೊದಲು ಅರ್ಹತೆ ಪಡೆಯಲಿ, ಕೂಸು ಹುಟ್ಟುವ ಮುಂಚೆ ಕುಲಾವಿ ಯಾಕೆ ಎಂದು ಹಂಗಿಸುವವರಿದ್ದಾರೆ. ಕೂಸು ಹುಟ್ಟಿದ ಮೇಲೆ ಕುಲಾವಿ ಹೊಲಿಯುವುದು ಬರೀ ದರ್ಜಿಯ ಕೆಲಸ. ಹುಟ್ಟುವ ಮುಂಚೆ ಹೊಲಿದರೆ ಅದು ಸಂಶೋಧನೆ.

ಅರ್ಹತೆಯ ಮಾತು ಬಂದದ್ದರಿಂದ ಒಂದು ಪೂರ್ವನಿದರ್ಶನ. 1950ರ ಬ್ರೆಜಿಲ್ ವಿಶ್ವಕಪ್ಪಿಗೆ ಭಾರತ ಅರ್ಹತೆ ಪಡೆದಿತ್ತು. ಬರ್ಮಾ, ಇಂಡೊನೇಷ್ಯಾ, ಫಿಲಿಪ್ಪೀನ್ಸ್ ಹಿಂದೆ ಸರಿದದ್ದರಿಂದ ಒಂದು ಪಂದ್ಯವನ್ನೂ ಆಡದೆ ಸಿಕ್ಕ ಅರ್ಹತೆ ಅದು. ಸ್ವೀಡನ್, ಇಟಲಿ, ಪರಾಗ್ವೆ ಇದ್ದ ಗುಂಪಿನಲ್ಲಿ ನಮ್ಮ ಹೆಸರೂ ಅಚ್ಚಾಯಿತು. ಆದರೆ ನಾವು ಹೋಗಲಿಲ್ಲ. ಶೂ ಇರಲಿಲ್ಲ, ಅದಕ್ಕೇ ಹೋಗಲಿಲ್ಲ ಎಂಬುದು ಆಮೇಲೆ ಹಬ್ಬಿದ ಕಥೆ. ಆ ಕಾಲದ ನಾಯಕ ಸೈಲೇನ್ ಮನ್ನಾ ಅವರೇ ಅದನ್ನು ಅಲ್ಲಗಳೆದಿದ್ದರು. ಒಲಿಂಪಿಕ್ಸ್ ಮುಂದೆ ವಿಶ್ವಕಪ್ ಏನು ಮಹಾ ಎಂದು ಆಗಿನ ದೊಡ್ಡವರಿಗೆ ಅನ್ನಿಸಿತ್ತು. ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬ ಮಾತನ್ನು ನಮ್ಮ ಮಕ್ಕಳೆಲ್ಲ ಬಲ್ಲರು. ಅಂದು ಭಾರತ ಅದನ್ನು ತಿರುವಿ ಹಾಕಿ ಲೆಕ್ಕಕ್ಕುಂಟು ಆಟಕ್ಕಿಲ್ಲ ಎಂಬ ಹೊಸ ಪದವಿಯನ್ನೇ ಸೃಷ್ಟಿಸಿತು. ಈ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಇಂಥ ಕೆಲಸಕ್ಕೆ ಉಚ್ಚಂಗಿದುರ್ಗವೇ ಯಾಕೆ? ಕೋಲ್ಕತ್ತ, ಗೋವಾ, ಮಲಪ್ಪುರಂ ಕಡೆಯ ವಿದ್ವಾಂಸರಿಗೆ ತಮ್ಮ ತಮ್ಮ ಕ್ಲಬ್ಬಿನ ಋಣವಿದೆ. ಹರಪನಹಳ್ಳಿ ತಾಲ್ಲೂಕಿನ ನಮ್ಮ ಗುಡ್ಡಕ್ಕೆ ಫುಟ್‌ಬಾಲಿನ ಯಾವ ಋಣವೂ ಇಲ್ಲ. ಏನೂ ಗೊತ್ತಿಲ್ಲದವನಷ್ಟು ನಿಷ್ಪಕ್ಷಪಾತಿ ಇನ್ನೊಬ್ಬನಿಲ್ಲ.

ಸಂಶೋಧನಾ ವಿಧಾನ

ಗುಡ್ಡದ ಬುಡದ ಹೋಟೆಲಿನಲ್ಲಿ ಆರಂಭಿಕ ಗೋಷ್ಠಿ ನಡೆಯಿತು. ಮಂಡಕ್ಕಿಯ ಜೊತೆ ಮೆಣಸಿನಕಾಯಿ ಬಂತು. ಮೆಣಸಿನಕಾಯಿಯ ಕೆಳಗೆ ಹಳೆಯ ಪತ್ರಿಕೆಯ ಕ್ರೀಡಾಪುಟದ ಚೂರಿತ್ತು. ಬಿಸಿ ಎಣ್ಣೆ ಹರಡಿದಂತೆ ಕಾಗದ ಕನ್ನಡಿಯಾಗಿ, ಆಟಗಾರರ ಹೆಸರುಗಳ ನಡುವೆ ಹಿಂದಿನ ಪುಟದ ಅಕ್ಷರಗಳು ಎಡಬಲ ತಿರುಗಿ ಮೇಲೆದ್ದವು. ಎಣ್ಣೆ ಯಾರ ಹೆಸರನ್ನು ಮುಟ್ಟುತ್ತದೋ ಅವರನ್ನು ಆರಿಸುವುದೆಂದು ತೀರ್ಮಾನಿಸಿ ಇದಕ್ಕೆ ತೈಲಲಿಪಿ ವಿಧಾನ ಎಂದು ಹೆಸರಿಟ್ಟೆ. ಮೊದಲ ಮೆಣಸಿನಕಾಯಿಗೆ ಒಬ್ಬ ಡಿಫೆಂಡರ್ ದೊರೆತ. ಎರಡನೆಯದಕ್ಕೆ ಈರುಳ್ಳಿಯ ಕ್ವಿಂಟಲ್ ಧಾರಣೆ ದೊರೆಯಿತು.

ಹೋಟೆಲಿನ ಅಜ್ಜ ಇದನ್ನೆಲ್ಲ ನೋಡುತ್ತಿದ್ದವನು, “ಮೇಷ್ಟ್ರೇ, ಹನ್ನೊಂದು ಮಂದಿ ಆರಿಸಾಕ ಇಪ್ಪತ್ತೆರಡು ಮೆಣಸಿನಕಾಯಿ ಬೇಕಾಗ್ತಾವ. ಹೊಟ್ಟಿ ತಡಿಬೇಕಲ್ರೀ?” ಎಂದ. ದೇಹಧರ್ಮದ ಮಿತಿಯಿಂದ ಈ ವಿಧಾನವನ್ನು ಕೈಬಿಡಲಾಯಿತು.

ಪೂರ್ವಸೂರಿಗಳು

ನಮ್ಮ ಸೀಮೆಗೆ ಭವಿಷ್ಯ ಹೊಸದಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಪ್ರತಿವರ್ಷ ಕಾರಣಿಕ ನಡೆಯುತ್ತದೆ. ಗೊರವಯ್ಯ ಎತ್ತರದ ಬಿಲ್ಲನ್ನೇರಿ “ಸದ್ದಲೇ” ಎಂದೊಡನೆ ಲಕ್ಷಗಟ್ಟಲೆ ಜನ ಉಸಿರು ಬಿಗಿಹಿಡಿಯುತ್ತಾರೆ. ಒಂದೇ ಒಂದು ನುಡಿ ಬೀಳುತ್ತದೆ, ಹಿಂದೆಯೇ ಅವನೂ ಬೀಳುತ್ತಾನೆ, ಕೆಳಗಿದ್ದವರು ಹಿಡಿಯುತ್ತಾರೆ. ಆಮೇಲೆ ಶುರುವಾಗುತ್ತದೆ ನಿಜವಾದ ಪಾಂಡಿತ್ಯ. ರೈತ ಅದರಲ್ಲಿ ಮಳೆ ಕಾಣುತ್ತಾನೆ, ದಲ್ಲಾಳಿ ಧಾರಣೆ ಕಾಣುತ್ತಾನೆ, ರಾಜಕಾರಣಿ ತನ್ನ ಖಾತೆ ಕಾಣುತ್ತಾನೆ. ಮುಂದಿನ ಜಾತ್ರೆಯ ಹೊತ್ತಿಗೆ ಮೂವರದೂ ನಿಜವಾಗಿರುತ್ತದೆ.

ರಾಷ್ಟ್ರೀಯ ತಂಡವೂ ಈ ಪರಂಪರೆಯಿಂದ ದೂರವೇನಿಲ್ಲ. 2022ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಏಷ್ಯನ್ ಕಪ್ ಅರ್ಹತಾ ಪಂದ್ಯಗಳಿದ್ದವು. ಆಗಿನ ತರಬೇತುದಾರ ಇಗೊರ್ ಸ್ಟಿಮ್ಯಾಕ್ ಅಫ್ಗಾನಿಸ್ತಾನದ ಪಂದ್ಯಕ್ಕೆ ಮುಂಚೆ ಸಂಭವನೀಯ ಆಟಗಾರರ ಪಟ್ಟಿಯನ್ನು ಜ್ಯೋತಿಷಿಯೊಬ್ಬರಿಗೆ ಕಳಿಸಿದ್ದರೆಂದು 2023ರ ಸೆಪ್ಟೆಂಬರ್‌ನಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್ ವರದಿ ಮಾಡಿತು. ದೇಶ ನಕ್ಕಿತು. ನಾನು ನಗಲಿಲ್ಲ. ಆ ಪಂದ್ಯ ನಡೆದದ್ದು ಜೂನ್ 11ರಂದು. 86ನೆಯ ನಿಮಿಷದಲ್ಲಿ ಸುನಿಲ್ ಚೆಟ್ರಿ ಫ್ರೀ ಕಿಕ್‌ನಿಂದ ಗೋಲು ಹೊಡೆದರು, 88ರಲ್ಲಿ ಅಫ್ಗಾನಿಸ್ತಾನ ಸಮ ಮಾಡಿತು, ಹೆಚ್ಚುವರಿ ಅವಧಿಯ ಹೊಸ್ತಿಲಲ್ಲಿ ಸಹಲ್ ಅಬ್ದುಲ್ ಸಮದ್ ಗೆಲ್ಲಿಸಿದರು. ಎಲ್ಲರೂ ಗ್ರಹಗಳನ್ನು ಹುಡುಕಿದರು. ಗೋಡೆಯ ಮೇಲಿನ ಕ್ಯಾಲೆಂಡರನ್ನು ಯಾರೂ ನೋಡಲಿಲ್ಲ. ಅಂದು ಶನಿವಾರ.

ಸಿದ್ಧಾಂತ

ಇಲ್ಲಿ ನಮ್ಮ ಗುಡ್ಡದ ಕೊಡುಗೆ ಆರಂಭವಾಗುತ್ತದೆ. ಉಚ್ಚಂಗಿಯ ಪಾಂಡ್ಯರು ನೊಳಂಬವಾಡಿ 32000ವನ್ನು ಆಳಿದ್ದು ಈ ಕೋಟೆಯಿಂದ. ಚೋಳರು ಹನ್ನೆರಡು ವರ್ಷ ಮುತ್ತಿಗೆ ಹಾಕಿ ಕೈಬಿಟ್ಟ ಕೋಟೆಯೆಂದು ಅದನ್ನು ಹೊಗಳಿ, ಅಂಥದ್ದನ್ನು ಹೊಯ್ಸಳ ಇಮ್ಮಡಿ ವೀರಬಲ್ಲಾಳ ಸಲೀಸಾಗಿ ಗೆದ್ದನೆಂದು ಅವನನ್ನು ಹೊಗಳುವುದು ಶಾಸನದ ರೀತಿ. ಅವನ ಬಿರುದುಗಳಲ್ಲಿ ಎರಡು ಪ್ರಸಿದ್ಧ. ಒಂದು ಗಿರಿದುರ್ಗಮಲ್ಲ, ಇನ್ನೊಂದು ಶನಿವಾರಸಿದ್ಧಿ. ಶನಿವಾರ ಕೈಹಾಕಿದ ಕೆಲಸ ಕೈಗೂಡಿತೆಂದು ಒಬ್ಬ ದೊರೆ ವಾರದ ಹೆಸರನ್ನೇ ಬಿರುದಾಗಿ ಧರಿಸಿದ್ದಾನೆ. ಹನ್ನೆರಡು ವರ್ಷ ಮುತ್ತಿಗೆ ಹಾಕಿದ ಚೋಳರಿಗೆ ಆರುನೂರಕ್ಕೂ ಹೆಚ್ಚು ಶನಿವಾರಗಳು ಸಿಕ್ಕಿದ್ದವಲ್ಲ ಎಂಬ ಪ್ರಶ್ನೆಗೆ ಈ ಪ್ರಬಂಧದ ವ್ಯಾಪ್ತಿಯಲ್ಲಿ ಉತ್ತರವಿಲ್ಲ.

ಈಗ ಪ್ರಮಾಣಗಳು. 1951ರ ಮಾರ್ಚ್ 10, ದೆಹಲಿ, ಮೊದಲ ಏಷ್ಯನ್ ಕ್ರೀಡಾಕೂಟದ ಫೈನಲ್. ಸಾಹು ಮೇವಾಲಾಲ್ ಗೋಲಿನಿಂದ ಇರಾನ್ ವಿರುದ್ಧ 1-0 ಗೆಲುವು, ಚಿನ್ನ. ಶನಿವಾರ. 1956ರ ಡಿಸೆಂಬರ್ 1, ಮೆಲ್ಬರ್ನ್ ಒಲಿಂಪಿಕ್ಸ್. ನೆವಿಲ್ ಡಿಸೋಜ ಮೂರು ಗೋಲು ಹೊಡೆದು ಆಸ್ಟ್ರೇಲಿಯಾವನ್ನು 4-2ರಿಂದ ಅದರ ಮನೆಯಂಗಳದಲ್ಲೇ ಮಣಿಸಿದ ದಿನ. ಶನಿವಾರ. 2023ರ ಮಾರ್ಚ್ 4, ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ, ಮೈಸೂರು ಎಂಬ ಹೆಸರಿನಲ್ಲಿ 1968-69ರಲ್ಲಿ ಗೆದ್ದ ಸಂತೋಷ್ ಟ್ರೋಫಿಯನ್ನು 54 ವರ್ಷಗಳ ನಂತರ ಮರಳಿ ತಂದ ದಿನ. ಶನಿವಾರ. ಆ ಫೈನಲ್ ನಡೆದದ್ದು ಎಲ್ಲಿ? ಸೌದಿ ಅರೇಬಿಯಾದ ರಿಯಾದ್‌ನಲ್ಲಿ. ವಾರವೂ ಕೂಡಿತು, ಸ್ಥಳವೂ ಕೂಡಿತು. 2034ಕ್ಕೆ ಇನ್ನೇನು ಬೇಕು?

ಆಕ್ಷೇಪ ಮತ್ತು ಸಮಾಧಾನ

ಆಕ್ಷೇಪ ಒಂದು: 1948ರ ಜುಲೈ 31ರ ಲಂಡನ್ ಒಲಿಂಪಿಕ್ಸ್ ಪಂದ್ಯವೂ ಶನಿವಾರವೇ. ಬೆಂಗಳೂರಿನ ಅಹ್ಮದ್ ಖಾನ್ ಇದ್ದ, ಬಹುಪಾಲು ಬರಿಗಾಲಿನ ತಂಡ ಫ್ರಾನ್ಸ್‌ಗೆ 2-1ರಿಂದ ಸೋತಿತು. ಸಾರಂಗಪಾಣಿ ರಾಮನ್ ಒಂದು ಗೋಲು ಹೊಡೆದರು. ಸಿಕ್ಕ ಎರಡು ಪೆನಾಲ್ಟಿಗಳೂ ಕೈತಪ್ಪಿದವು. ಸಮಾಧಾನ: ಎರಡು ಪೆನಾಲ್ಟಿ ಒದಗಿಸುವವರೆಗೆ ಶನಿವಾರದ ಹೊಣೆ. ಒಳಗೆ ಹಾಕುವುದು ಕಾಲಿನ ಹೊಣೆ.

ಆಕ್ಷೇಪ ಎರಡು: 2024ರ ಜನವರಿ 13ರಂದು ಕತಾರ್‌ನ ಏಷ್ಯನ್ ಕಪ್ಪಿನಲ್ಲಿ ಭಾರತ ಆಸ್ಟ್ರೇಲಿಯಾಕ್ಕೆ 0-2ರಿಂದ ಸೋತದ್ದೂ ಶನಿವಾರ. ಸಮಾಧಾನ: ಆಸ್ಟ್ರೇಲಿಯಾದವರಿಗೂ ಅಂದು ಶನಿವಾರವೇ ಆಗಿತ್ತು. ಉಜ್ಬೇಕಿಸ್ತಾನ, ಸಿರಿಯಾಗಳಿಗೂ ಸೋತು, ಒಂದೂ ಗೋಲಿಲ್ಲದೆ ನಾವು ಮನೆಗೆ ಬಂದೆವು. ಆ ಎರಡು ಪಂದ್ಯ ಬೇರೆ ವಾರದಲ್ಲಿದ್ದದ್ದು ಸಿದ್ಧಾಂತಕ್ಕೆ ದೊರೆತ ಬೆಂಬಲವೆಂದೇ ಎಣಿಸಬೇಕು.

ಆಕ್ಷೇಪ ಮೂರು: 1962ರ ಸೆಪ್ಟೆಂಬರ್ 4ರಂದು ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಮಣಿಸಿ ಚಿನ್ನ ಗೆದ್ದದ್ದು ಮಂಗಳವಾರ. ಸಮಾಧಾನ: ಮಂಗಳವಾರ ದೇವಿಯ ವಾರ. ಗುಡ್ಡದ ಮೇಲೆ ಉಚ್ಚಂಗೆಮ್ಮ ಇದ್ದಾಳೆ. ಇದಕ್ಕಿಂತ ಹೆಚ್ಚು ಕೇಳುವುದು ಉದ್ಧಟತನ.

ಅಜ್ಜನ ಆಕ್ಷೇಪವೊಂದು ಉಳಿಯಿತು: “ಗೆದ್ದ ಶನಿವಾರ ಮಾತ್ರ ಎಣಿಸಿದ್ರ ನಮ್ಮ ಕೊಳವೆಬಾವಿಯಾಗೂ ನೀರೈತ್ರೀ.” ಅದನ್ನು ದಾಖಲಿಸಿಕೊಂಡಿದ್ದೇನೆ.

ತಂಡ

ಆಟದ ವಿನ್ಯಾಸ 2-3-5. ಹಳೆಯದೆನ್ನಬೇಡಿ, ಐದು ಮುಂಪಡೆಯವರಿದ್ದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದೂ ತಾಲ್ಲೂಕುಗಳಿಗೆ ಸಾಮಾಜಿಕ ನ್ಯಾಯ ಸಿಗುತ್ತದೆ ಎಂಬ ಆಸೆಯಿತ್ತು. ಪ್ರತಿಭೆ ಅಡ್ಡಬಂದದ್ದರಿಂದ ಹಂಚಿಕೆ ಸ್ವಲ್ಪ ಹೆಚ್ಚುಕಡಿಮೆಯಾಗಿದೆ. ವ್ಯಕ್ತಿಗಳ ಬದಲು ಗುಣಗಳನ್ನು ಆರಿಸಿದ್ದೇನೆ. ವ್ಯಕ್ತಿಗಳಿಗೆ ಮಂಡಿನೋವು ಬರುತ್ತದೆ.

ಗೋಲ್‌ಕೀಪರ್ ಸ್ಥಾನ ಗುಡೇಕೋಟೆಗೆ. ಒನಕೆ ಓಬವ್ವನ ತವರು ಅದೆಂದು ಹೇಳುತ್ತಾರೆ. ಒಂದು ಕಿಂಡಿ, ಒಬ್ಬಳೇ ಕಾವಲುಗಾರ್ತಿ, ಸಾಲುಗಟ್ಟಿ ಬರುವ ಎದುರಾಳಿಗಳು. ಗೋಲ್‌ಕೀಪಿಂಗಿನ ವ್ಯಾಖ್ಯೆ ಇನ್ನೇನು? ಒನಕೆಗೆ ರೆಫ್ರಿ ಕೆಂಪು ಕಾರ್ಡ್ ತೋರಿಸುವ ಸಾಧ್ಯತೆಯಿರುವುದರಿಂದ ಬರಿಗೈ ಅಭ್ಯಾಸ ಅಗತ್ಯ. ಹಿಂಪಡೆಯಲ್ಲಿ ಇಬ್ಬರು: ಉಚ್ಚಂಗಿಯ ಕೋಟೆಗೋಡೆ ಮತ್ತು ನೀರಿಗೆ ಅಡ್ಡ ನಿಂತ ಮಾಲವಿ ಜಲಾಶಯ. ತಡೆಯುವುದೇ ಇಬ್ಬರ ವೃತ್ತಿ.

ನಡುಪಡೆಯ ಎರಡು ಬದಿಗೆ ಗುಡೇಕೋಟೆ ಕಾಡಿನ ಜೋಡಿ ಕರಡಿಗಳು. ಹಗಲಲ್ಲಿ ಬಂಡೆಯ ಸಂದಿಯಲ್ಲಿದ್ದು ಕತ್ತಲಾದ ಮೇಲೆ ಇಳಿದು ಬರುವ ಅವು ದೀಪದ ಬೆಳಕಿನ ಪಂದ್ಯಕ್ಕೆಂದೇ ಹುಟ್ಟಿದವು. ಕೇಂದ್ರದಲ್ಲಿ ಹರಪನಹಳ್ಳಿ. ಯಾವ ಆಟಗಾರ ಯಾವ ಜಾಗದಲ್ಲಾದರೂ ಆಡಬಲ್ಲ ಎಂಬ ಟೋಟಲ್ ಫುಟ್‌ಬಾಲನ್ನು 1974ರಲ್ಲಿ ಡಚ್ಚರು ತೋರಿಸಿದರೆಂದು ಜಗತ್ತು ಬೆರಗಾಯಿತು. ಹರಪನಹಳ್ಳಿ ಬಳ್ಳಾರಿಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಹೋಯಿತು, 2018ರ ಹೊತ್ತಿಗೆ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಇಷ್ಟೆಲ್ಲ ಜಾಗ ಬದಲಾಯಿಸಿದರೂ ಊರು ಒಂದಂಗುಲ ಕದಲಲಿಲ್ಲ. ಡಚ್ಚರು ಓಡಿ ಓಡಿ ಬೆವರಿದ್ದರು.

ಮುಂಪಡೆಯ ನಡುವೆ ಕೊಟ್ಟೂರಿನ ತೇರು. ಹೊರಡುವುದು ನಿಧಾನ, ಹೊರಟ ಮೇಲೆ ಅಡ್ಡ ನಿಲ್ಲುವವರಿಲ್ಲ. ಅದರ ಮಗ್ಗುಲಿಗೆ ಅದೇ ಊರಿನ ಮೆಣಸಿನಕಾಯಿ. ಇದರ ಪರಿಣಾಮ ದ್ವಿತೀಯಾರ್ಧದಲ್ಲಿ. ಎಡ ಅಂಚಿಗೆ ಹಡಗಲಿಯ ಮಲ್ಲಿಗೆ: ಬಾಡುವುದರೊಳಗೆ ಪೇಟೆ ಮುಟ್ಟಬೇಕಾದ್ದರಿಂದ ವೇಗ ಅದರ ಜೀವಧರ್ಮ. ಬಲ ಅಂಚಿಗೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಬಣ್ಣದ ಕೊಕ್ಕರೆ. 2024ರ ಜನವರಿಯಲ್ಲಿ ನಮ್ಮ ತಂಡ ಕತಾರ್‌ನಲ್ಲಿ ಗೋಲಿಲ್ಲದೆ ತೊಳಲುತ್ತಿದ್ದ ತಿಂಗಳಲ್ಲೇ ಅಂಕಸಮುದ್ರ ಜೌಗುಭೂಮಿಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿಗೆ ಆಯ್ಕೆಯಾದ ಸುದ್ದಿ ಬಂತು. ನಮ್ಮಲ್ಲಿ ಜಾಗತಿಕ ಅನುಭವವಿರುವ ಏಕೈಕ ಆಟಗಾರ.

ಎಣಿಸಿ ನೋಡಿದರೆ ಹತ್ತಾಯಿತು. ಹನ್ನೊಂದನೆಯ ಸ್ಥಾನ ಖಾಲಿ.

ಕ್ಷೇತ್ರಕಾರ್ಯ

ಹನ್ನೊಂದನೆಯವನು ಮನುಷ್ಯನಾಗಿದ್ದರೆ ಒಳ್ಳೆಯದು ಎಂಬ ನಿಲುವಿಗೆ ಬಂದೆ. 2034ಕ್ಕೆ 22 ತುಂಬುವ ಹುಡುಗ 2012ರಲ್ಲಿ ಹುಟ್ಟಿರಬೇಕು. ಅಂದರೆ ಈಗ ಯಾವುದೋ ಶಾಲೆಯ ಬೆಂಚಿನ ಮೇಲಿದ್ದಾನೆ. ಹಾಗಾಗಿ ಒಂದು ಶನಿವಾರ ಮಧ್ಯಾಹ್ನ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಗುಡ್ಡದ ಕೆಳಗಿನ ಬಯಲಿಗೆ ಹೋದೆ. ಶನಿವಾರ ಅರ್ಧ ದಿನದ ಶಾಲೆ. ವೀರಬಲ್ಲಾಳನ ಶನಿವಾರಸಿದ್ಧಿಯ ಗುಟ್ಟು ಬೆಳಗಿನ ಶಾಲೆ ಇದ್ದಿರಬಹುದೇ ಎಂಬುದು ಮುಂದಿನ ಸಂಶೋಧಕರಿಗೆ ಬಿಟ್ಟ ವಿಷಯ.

ಹದಿನೈದು ಹುಡುಗರಿದ್ದರು. ಒಂದು ಕಡೆ ಎರಡು ಕಲ್ಲು, ಇನ್ನೊಂದು ಕಡೆ ಎರಡು ಚಪ್ಪಲಿ, ಅವೇ ಗೋಲು. ಚೆಂಡಿನ ತೊಗಲು ಎದ್ದು ಒಳಗಿನ ನೂಲು ಕಾಣುತ್ತಿತ್ತು. ನಾನು ನೋಡಬೇಕಾದ್ದು ಆಟಕ್ಕೆ ಮುಂಚೆಯೇ ನಡೆಯಿತು: ಆಯ್ಕೆ. ಇಬ್ಬರು ನಾಯಕರು ನಿಂತರು. ಉಳಿದವರಲ್ಲಿ ಸರಿಸಮ ಆಡುವ ಇಬ್ಬಿಬ್ಬರು ಹೆಗಲ ಮೇಲೆ ಕೈ ಹಾಕಿಕೊಂಡು ದೂರ ಹೋದರು, ಗುಟ್ಟಾಗಿ ಹೆಸರಿಟ್ಟುಕೊಂಡು ಬಂದರು. “ಹುಲಿ ಬೇಕಾ, ಕರಡಿ ಬೇಕಾ?” ನಾಯಕ ಒಂದು ಹೆಸರು ಹೇಳಿದ, ಹುಲಿ ಆ ಕಡೆ, ಕರಡಿ ಈ ಕಡೆ. ಎರಡು ನಿಮಿಷದಲ್ಲಿ ಎರಡು ತಂಡ, ಎರಡೂ ಸಮತೂಕ. ಪಟ್ಟಿಯಿಲ್ಲ, ಶಿಫಾರಸಿಲ್ಲ, ಜ್ಯೋತಿಷಿಯಿಲ್ಲ. ತಮ್ಮ ಸಮಾನ ಯಾರೆಂಬುದು ಆಡುವವರಿಗೇ ಗೊತ್ತು.

ಜೋಡಿ ಸಿಗದೆ ಒಬ್ಬ ಉಳಿದ. ಅಣ್ಣನ ಅಂಗಿ ತೊಟ್ಟ, ಎಲ್ಲರಿಗಿಂತ ಚಿಕ್ಕ ಹುಡುಗ. ರೂಢಿಯಂತೆ ಅವನು ಆಟಕ್ಕುಂಟು ಲೆಕ್ಕಕ್ಕಿಲ್ಲ. ಅವನು ಅತ್ತಿತ್ತ ನೋಡಿ ನನ್ನ ಬಳಿ ಬಂದ. “ಅಜ್ಜಾ, ನನಗ ಜೋಡಿ ಇಲ್ಲ. ನೀವು ಬರ್ರಿ.”

ಹೋದೆ. ಹೆಗಲು ಸಿಗದ್ದರಿಂದ ಅವನು ನನ್ನ ಮೊಣಕೈ ಹಿಡಿದಿದ್ದ. ಗೋಡೆಯ ಮರೆಯಲ್ಲಿ ಹೆಸರು ಗೊತ್ತಾಯಿತು. ವಾಪಸು ಬಂದು ಅವನೇ ಕೂಗಿದ: “ಕೋಟಿ ಬೇಕಾ, ಕಿಂಡಿ ಬೇಕಾ?”

ನಾಯಕ ನನ್ನ ಹೊಟ್ಟೆಯಿಂದ ಚಪ್ಪಲಿಯವರೆಗೆ ಕಣ್ಣಾಡಿಸಿ ದೀರ್ಘವಾಗಿ ಯೋಚಿಸಿ “ಕೋಟಿ” ಎಂದ. ಹುಡುಗ ಕುಪ್ಪಳಿಸಿಕೊಂಡು ಅವನ ಕಡೆ ಹೋದ. ಕಿಂಡಿ ನಾನಾಗಿದ್ದೆ. ಇನ್ನೊಬ್ಬ ನಾಯಕ ಗೊಣಗಲಿಲ್ಲ, ಮರ್ಯಾದೆಯಿಂದಲೇ ತೀರ್ಪು ಕೊಟ್ಟ: “ಅಜ್ಜಾರು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಗೋಲಿನ ಹಿಂದ ನಿಂದರ್ಲಿ.”

ಉಪಸಂಹಾರ

ಗೋಲಿನ ಹಿಂದೆ ಜಾಲಿಯ ಪೊದೆಯಿತ್ತು. ಚೆಂಡು ಅಲ್ಲಿಗೆ ಹೋದಾಗಲೆಲ್ಲ ತರುವುದು ನನ್ನ ಹುದ್ದೆ. ಮೂರನೆಯ ಸಲ ಚೆಂಡಿಗೆ ಮುಳ್ಳು ನಾಟಿಕೊಂಡಿತ್ತು. ಬರಿಗೈಯಲ್ಲಿ ಕೀಳಲಾಗಲಿಲ್ಲ. ಜೇಬಿನಲ್ಲಿದ್ದ 2034ರ ತಂಡವನ್ನು ನಾಲ್ಕು ಮಡಿಕೆ ಮಾಡಿ, ಅದರಿಂದ ಮುಳ್ಳನ್ನು ಹಿಡಿದು ಮೆಲ್ಲಗೆ ಕಿತ್ತೆ. ಗಾಳಿ ಹೋಗಲಿಲ್ಲ. ಅಣ್ಣನ ಅಂಗಿಯವನು ಆಗಲೇ ಕೈ ಎತ್ತಿ ಕೂಗುತ್ತಿದ್ದ: “ಅಜ್ಜಾ, ಲಗೂನ ಒಗೀರಿ!”