ಬುಡಿ ಅತ್ತಗೆ

ಚಂದಕವಾಡಿಯಲ್ಲಿ ಬಸ್ಸಿಗೆ ಕಾಯುತ್ತಾ ಟೀ ಕುಡಿಯುವವನ ಹೆಬ್ಬೆರಳ ಉಗುರನ್ನು ಸೆಕೆಂಡಿಗೆ ಸುಮಾರು 6,500 ಕೋಟಿ ನ್ಯೂಟ್ರಿನೋಗಳು ತೂರಿಕೊಂಡು ಹೋಗುತ್ತಿರುತ್ತವೆ. ಎಲ್ಲವೂ ಸೂರ್ಯನಿಂದ ಬಂದವು. ಅರಿಸಿನದ ರೇಟಿನ ಚಿಂತೆಯಲ್ಲಿದ್ದ ಪಕ್ಕದ ಯಜಮಾನರಿಗೆ ಇದನ್ನು ಹೇಳಿದೆ.

"ನೋವಾಯ್ತದಾ ಸಾ?"

"ಇಲ್ಲ."

"ಅಂಗಾರೆ ಬುಡಿ ಅತ್ತಗೆ."

ಭೌತವಿಜ್ಞಾನಿಗಳು ಹಾಗೆ ಬಿಡುವ ಪೈಕಿಯಲ್ಲ. 1897ರಲ್ಲಿ ಜೆ.ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಕಂಡುಹಿಡಿದರು. ಆಮೇಲೆ ಪ್ರೋಟಾನು, 1932ರಲ್ಲಿ ನ್ಯೂಟ್ರಾನು. ಪರಮಾಣುವಿನ ಸಂಸಾರ ಇಷ್ಟೇ ಎನ್ನುವಷ್ಟರಲ್ಲಿ ಕರೆಯದೆ ಬಂದದ್ದು ಮ್ಯೂಆನು. ತೂಕ ಎಲೆಕ್ಟ್ರಾನಿನ 207 ಪಟ್ಟು; ಆಯಸ್ಸು ಸೆಕೆಂಡಿನ ಹತ್ತು ಲಕ್ಷದಲ್ಲಿ ಎರಡು ಪಾಲು. ನ್ಯೂಟ್ರಿನೋ ಹುಟ್ಟಿದ್ದಂತೂ ಕಾಗದದ ಮೇಲೆ. ಪರಮಾಣುವಿನ ಬೀಜದಿಂದ ಎಲೆಕ್ಟ್ರಾನು ಹೊರಚಿಮ್ಮುವ ಬೀಟಾ ಕ್ಷಯದಲ್ಲಿ ಶಕ್ತಿಯ ಲೆಕ್ಕ ಕಮ್ಮಿ ಬೀಳುತ್ತಿತ್ತು. ಉಳಿದದ್ದನ್ನು ಕಾಣದ ಕಣವೊಂದು ಒಯ್ಯುತ್ತಿರಬೇಕು ಎಂದು 1930ರಲ್ಲಿ ಭೌತವಿಜ್ಞಾನಿ ಪೌಲಿ ಸಭೆಯೊಂದಕ್ಕೆ ಪತ್ರ ಬರೆದರು. ಜ್ಯೂರಿಕ್‌ನಲ್ಲಿ ನೃತ್ಯಕೂಟವಿದೆ, ಸಭೆಗೆ ಬರಲಾಗದು ಎಂದೂ ಸೇರಿಸಿದರು! ಸೊಸೈಟಿಯ ಕಾರ್ಯದರ್ಶಿ ಹೀಗೆ ಲೆಕ್ಕ ಒಪ್ಪಿಸಿದ್ದರೆ ಸಂಜೆಯೊಳಗೆ ಸಸ್ಪೆಂಡು.

ಕಾಣದ್ದಕ್ಕೆ ಹೊಂಚು ಹಾಕಿ ಕೂತವರಲ್ಲಿ ನಮ್ಮ ಕಡೆಯವರೂ ಇದ್ದರು: ಬಿ.ವಿ. ಶ್ರೀಕಂಠನ್, ಹುಟ್ಟಿದ್ದು 1925ರಲ್ಲಿ ನಂಜನಗೂಡಿನಲ್ಲಿ. ಹೆಸರಿನಲ್ಲೇ ಆ ಊರ ದೇವರಿದ್ದಾನೆ. ಇನಿಷಿಯಲ್ಲಿನ 'ಬಿ' ಖಾದಿಯ ಬದನವಾಳು. ಹೋಮಿ ಭಾಭಾ ಅವರ ಟಾಟಾ ಸಂಸ್ಥೆ ಸೇರಿದ ಈ ಹುಡುಗ 1950ರ ದಶಕದ ಆರಂಭದಲ್ಲಿ ಗೈಗರ್ ಕೌಂಟರ್ ಹೊತ್ತು ಕೋಲಾರದ ಚಿನ್ನದ ಗಣಿಗೆ ಇಳಿದರು. ಆಕಾಶದಿಂದ ಸುರಿಯುವ ಮ್ಯೂಆನುಗಳನ್ನು ಬಂಡೆ ಎಷ್ಟರಮಟ್ಟಿಗೆ ತಡೆಯುತ್ತದೆ ಎಂದು ಅಳೆಯಬೇಕಿತ್ತು. ಇಳಿದಷ್ಟೂ ಕಮ್ಮಿ. ಕೊನೆಗೆ ತೀರಾ ಆಳದಲ್ಲಿ ಎರಡು ತಿಂಗಳು ಕಾದರೂ ಒಂದೂ ಬರಲಿಲ್ಲ. ಬೇರೆಯವರಾಗಿದ್ದರೆ ಗಂಟುಮೂಟೆ ಕಟ್ಟುತ್ತಿದ್ದರು; ಇವರು ಹಿಗ್ಗಿದರು. ಇಷ್ಟು ನಿಶ್ಶಬ್ದವಾದ ಜಾಗದಲ್ಲಿ ನ್ಯೂಟ್ರಿನೋ ಸದ್ದು ಮಾಡಿದರೆ ಕೇಳಿಸೀತು!

ಉಪಾಯ ಸರಳ. ನ್ಯೂಟ್ರಿನೋ ಅಪರೂಪಕ್ಕೆ ಬಂಡೆಗೆ ಬಡಿದರೆ ಮ್ಯೂಆನು ಹುಟ್ಟುತ್ತದೆ. ನೆತ್ತಿಯ ಮೇಲಿಂದ ಬಂದದ್ದರ ಮೇಲೆ ಅನುಮಾನ ಪಡಬಹುದು. ಅಡ್ಡಡ್ಡ ಬಂದದ್ದು ಹಾಗಲ್ಲ; ಆ ದಿಕ್ಕಿನಲ್ಲಿ ಮೈಲುಗಟ್ಟಲೆ ಬಂಡೆ, ಆಕಾಶದ ಮ್ಯೂಆನು ಅದನ್ನು ದಾಟಿ ಬರಲಾರದು. 1965ರಲ್ಲಿ, 2.3 ಕಿಲೋಮೀಟರ್ ಆಳದಲ್ಲಿ, ಜಪಾನಿನ ಒಸಾಕ ಮತ್ತು ಇಂಗ್ಲೆಂಡಿನ ಡರ್ಹಾಮ್‌ನವರ ಜೊತೆ ಸೇರಿ ಹೂಡಿದ್ದ ಉಪಕರಣದಲ್ಲಿ ಅಂಥ ಅಡ್ಡಗೆರೆಗಳು ಬೆರಳೆಣಿಕೆಯಷ್ಟು ಮೂಡಿದವು. ಭೂಮಿಯ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋ ಸಿಕ್ಕಿಬಿದ್ದಿತ್ತು.

ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲೂ ಸಿಕ್ಕಿತು. ಕಣ ಮೊದಲು ಕಂಡದ್ದು ಅವರಿಗೆ. ವರದಿ ಮೊದಲು ಅಚ್ಚಾದದ್ದು ನಮ್ಮವರದು, ಎರಡು ವಾರ ಮುಂಚೆ. ಯಾರು ಮೊದಲಿಗರು ಎಂದು ಕೇಳಿದರೆ ನಾನು ಅಚ್ಚಿನ ತಾರೀಖನ್ನೇ ಹಿಡಿಯುವವನು. ಬದನವಾಳು ನಮಗೆ ಎಷ್ಟು ದೂರ ಹೇಳಿ!