ಆಕಾಶ ನೋಡೋಕೂ ನೂಕಾಟ

‘ಆಕಾಶ ನೋಡೋಕೆ ನೂಕಾಟ ಯಾಕೆ?’ ಎಂದು ಗಾದೆ ಕಟ್ಟಿದ ಪುಣ್ಯಾತ್ಮ ಬೆಂಗಳೂರಿನ ನಮ್ಮ ತಾರಸಿಯನ್ನು ಕಂಡವನಲ್ಲ. ಮೂವತ್ತು-ನಲವತ್ತರ ಸೈಟಿನ ಮೇಲೆ ಎದ್ದ ಮನೆ. ನೀರಿನ ಟ್ಯಾಂಕು, ಸೋಲಾರು, ಡಿಶ್ಶು, ಬಟ್ಟೆ ತಂತಿ, ಹೆಂಡತಿಯ ದೊಡ್ಡಪತ್ರೆ ಕುಂಡ ಎಲ್ಲವೂ ತಮ್ಮ ತಮ್ಮ ಪಾಲು ತೆಗೆದುಕೊಂಡ ಮೇಲೆ ನರಮನುಷ್ಯರಿಗೆ ಉಳಿಯುವುದು ಎರಡು ಚಾಪೆಯಷ್ಟು ಜಾಗ. ಮೇಲಿರುವ ಆಕಾಶವಾದರೂ ಇಡಿಯಾಗಿದೆಯೇ? ಪೂರ್ವವನ್ನು ಅಪಾರ್ಟ್‌ಮೆಂಟಿನವರು ಕಟ್ಟಿ ಮುಚ್ಚಿದ್ದಾರೆ. ದಕ್ಷಿಣ ಒಂದು ಜಾಹೀರಾತು ಫಲಕದ ಪಾಲಾಗಿದೆ. ಉಳಿದದ್ದು ಪಶ್ಚಿಮದಲ್ಲಿ, ಎರಡು ಟ್ಯಾಂಕುಗಳ ಸಂದಿನಲ್ಲಿ ಸಿಗುವ ಒಂದು ತುಂಡು. ಸಂಜೆ ಆರಾದರೆ ಆ ತುಂಡಿಗೆ ನಾಲ್ವರು ವಾರಸುದಾರರು: ನಾನು, ನನ್ನ ಹೆಂಡತಿ, ಮಹಡಿಯ ಬಾಡಿಗೆ ಮನೆಯ ಸಾಫ್ಟ್‌ವೇರ್ ಹುಡುಗ ಮತ್ತು ಪಕ್ಕದ ತಾರಸಿಯಿಂದ ಕತ್ತು ಚಾಚುವ ಹಾವೇರಿ ಕಡೆಯ ನಿವೃತ್ತ ಮೇಷ್ಟ್ರು. ನೂಕಾಟವಾಗದೆ ಇನ್ನೇನಾದೀತು?

ನಾಲ್ವರೂ ನೋಡುವುದು ಒಂದೇ ಮೋಡ. ಕಾಣುವುದು ಮಾತ್ರ ಬೇರೆ ಬೇರೆ. ಹೆಂಡತಿಗೆ ಮೋಡವೆಂದರೆ ಶತ್ರುಪಕ್ಷ. ಬೇಸಿಗೆಯಲ್ಲಿ ಅರಳು ಸಂಡಿಗೆ ಇಟ್ಟ ದಿನ ಅವಳು ಪಡುವಣದತ್ತ ಬೀರುವ ನೋಟಕ್ಕೆ ಎಂಥ ಮೋಡವೂ ಹೆದರಿ ದಾರಿ ಬದಲಿಸಬೇಕು. ಬದಲಿಸುವುದಿಲ್ಲ, ಎರಡು ಸಲ ಸಂಡಿಗೆ ಪಾಯಸವಾಗಿದೆ. ಮೇಷ್ಟ್ರಿಗೆ ಮೋಡವೆಂದರೆ ಪಂಚಾಂಗ. ‘ರೋಹಿಣಿ ಕೈ ಕೊಡ್ತು ನೋಡ್ರಿ, ಮಿರಗ ಏನ್ ಮಾಡ್ತೈತೋ!’ ಎನ್ನುತ್ತಾರೆ. ಅವರ ಹೊಲ ಮುನ್ನೂರು ಕಿಲೋಮೀಟರಿಗೂ ಆಚೆ ಇದೆ. ಕಣ್ಣು ಇಲ್ಲಿಯ ಮೋಡದ ಮೇಲೆ. ‘ಮುಗಿಲು ಕೆಂಪಾಗೈತಿ’ ಎಂದು ಅವರು ಕೂಗಿದಾಗಲೆಲ್ಲ ನಾನು ಕೆಂಪು ಮೋಡ ಹುಡುಕಿ ಸೋತಿದ್ದೆ. ಅವರ ಕಡೆ ಮುಗಿಲು ಎಂದರೆ ಆಕಾಶ, ನಮ್ಮ ಮೈಸೂರು ಸೀಮೆಯವರಿಗೆ ಬರೀ ಮೋಡ ಎಂದು ತಿಳಿಯಲು ಒಂದು ಮಳೆಗಾಲವೇ ಹಿಡಿಯಿತು. ಇನ್ನು ಹುಡುಗ. ಅವನಿಗೆ ಮೋಡವೆಂದರೆ ‘ಸ್ಟೇಟಸ್’ಗೆ ಹಾಕುವ ಚಿತ್ರ. ಆಫೀಸಿನಲ್ಲೂ ಅವನದು ಕ್ಲೌಡಿನದೇ ಕೆಲಸವಂತೆ. ‘ಅದರಾಗ ಮಳಿ ಬರ್ತೈತೇನಪಾ?’ ಎಂದು ಮೇಷ್ಟ್ರು ಕೇಳಿದರೆ, ‘ಇಲ್ಲ ಸರ್, ಬಿಲ್ಲು ಮಾತ್ರ ಬರುತ್ತೆ’ ಎಂದ.

ನನ್ನದು ಆಕಾರ ಹುಡುಕುವ ಜಾತಿ.

‘ಅಲ್ನೋಡೇ, ಆನೆ!’

‘ಎಲ್ಲಿ?’

‘ಟ್ಯಾಂಕಿನ ಎಡಕ್ಕೆ.’

‘ನಮ್ಮ ಟ್ಯಾಂಕೋ, ಅವರ ಟ್ಯಾಂಕೋ?’

ಈ ಗಡಿ ವಿವಾದ ಇತ್ಯರ್ಥವಾಗುವಷ್ಟರಲ್ಲಿ ಸೊಂಡಿಲು ಕಳಚಿ, ಬಾಲ ಕರಗಿ, ಆನೆ ರುಬ್ಬುಗುಂಡಾಗಿರುತ್ತದೆ. ‘ರುಬ್ಬುಗುಂಡು ಆನೆ ಥರ ಕಂಡ್ರೆ ಕನ್ನಡಕ ಬದಲಾಯಿಸ್ಬೇಕು’ ಎಂದು ಅವಳು ಬಟ್ಟೆ ಮಡಚಲು ಹೋಗುತ್ತಾಳೆ.

ಆದರೆ ಆನೆ ಎಂದದ್ದು ಪೂರ್ತಿ ಸುಳ್ಳಲ್ಲ. ಉದ್ದ, ಅಗಲ, ಎತ್ತರ ತಲಾ ಒಂದು ಕಿಲೋಮೀಟರ್ ಇರುವ ಸಾಧಾರಣ ಬಿಳಿ ಮೋಡವೊಂದರಲ್ಲಿ, ಘನಮೀಟರಿಗೆ ಅರ್ಧ ಗ್ರಾಮಿನಂತೆ ಲೆಕ್ಕ ಹಿಡಿದರೂ, 500 ಟನ್ ನೀರಿರುತ್ತದೆ. ಅಂಬಾರಿ ಹೊರುವ ದಸರಾ ಆನೆ ಐದು ಟನ್ನಿನ ಆಸುಪಾಸು. ಅಂದರೆ ಮೋಡವೊಂದಕ್ಕೆ ನೂರು ಆನೆ! ಹತ್ತು ಹನ್ನೆರಡು ಆನೆಗಳ ಜಂಬೂಸವಾರಿ ನೋಡಲು ಮರ ಹತ್ತುವ ಜನ, ನೆತ್ತಿಯ ಮೇಲೆ ಪುಕ್ಕಟೆ ಸಾಗುವ ನೂರಾನೆಯ ಮೆರವಣಿಗೆಗೆ ಕತ್ತೆತ್ತುವುದಿಲ್ಲ. ಅಷ್ಟು ಭಾರ ದೊಪ್ಪನೆ ಬೀಳದಿರುವುದಕ್ಕೂ ಕಾರಣವಿದೆ. ಮೋಡದ ಒಂದೊಂದು ಹನಿ ಮಿಲಿಮೀಟರಿನ ನೂರರಲ್ಲೊಂದೆರಡು ಪಾಲು. ಅದು ಇಳಿಯಲು ಹೊರಟರೂ ಕೆಳಗಿನಿಂದ ಏರುವ ಗಾಳಿ ಎತ್ತಿ ಹಿಡಿಯುತ್ತದೆ. ಹನಿ ಹನಿ ಕೂಡಿ ದಪ್ಪವಾದಾಗಲೇ ಮಳೆ. ಇಷ್ಟನ್ನೂ ಹೆಂಡತಿಗೆ ವಿವರಿಸಿದೆ. ‘ಆ ನೂರು ಆನೆಗೆ ನನ್ನ ಸಂಡಿಗೇನೇ ಬೇಕಾಗಿತ್ತಾ?’ ಎಂದಳು.

ಈ ಗೀಳು ನನಗೆ ಪಿತ್ರಾರ್ಜಿತ. ಅಪ್ಪನ ಬಳಿ ಆಗ್ಫಾ ಕ್ಲಿಕ್ 3 ಕ್ಯಾಮೆರಾ ಇತ್ತು. ಒಂದು ರೀಲಿಗೆ 12 ಚಿತ್ರ. ಆ ಹನ್ನೆರಡನ್ನು ನಾಮಕರಣ, ಉಪನಯನ, ತಿರುಪತಿ ಯಾತ್ರೆಗಳಿಗೆ ಹಂಚಿ ಬಜೆಟ್ ಮಂಡಿಸುತ್ತಿದ್ದವಳು ಅಜ್ಜಿ. ಒಮ್ಮೆ ಅಪ್ಪ ಹನ್ನೆರಡನೆಯದನ್ನು ಯಾರಿಗೂ ಹೇಳದೆ ಮೋಡಕ್ಕೆ ಖರ್ಚು ಮಾಡಿಬಿಟ್ಟ. ಪ್ರಿಂಟು ಬಂತು. ಅಜ್ಜಿ ಅದನ್ನು ತಿರುಗಿಸಿ ಮುರುಗಿಸಿ, ‘ಇದ್ರಲ್ಲಿ ಯಾರಿದ್ದಾರೋ?’ ಎಂದಳು. ‘ಮೋಡ ಇದೆಯಮ್ಮ.’ ‘ಎಲ್ಲಿ?’ ಆ ಪ್ರಶ್ನೆಗೆ ಅಪ್ಪನಲ್ಲಿ ಉತ್ತರವಿರಲಿಲ್ಲ. ಕಪ್ಪುಬಿಳುಪು ಫಿಲ್ಮಿಗೆ ನೀಲಿಯ ಮೇಲೆ ಅತಿಯಾದ ಪ್ರೀತಿ. ನೀಲಿ ಆಕಾಶವನ್ನೂ ಅದು ಬೆಳ್ಳಗೆ ಮಾಡುತ್ತದೆ. ಬಿಳಿಯ ಮೇಲೆ ಬಿಳಿ ಮೋಡ ಕಾಣುವುದೆಲ್ಲಿಂದ? ಲೆನ್ಸಿನ ಮುಂದೆ ಹಳದಿ ಗಾಜು ಹಿಡಿದಿದ್ದರೆ ಆಕಾಶ ಕಪ್ಪಿಟ್ಟು ಮೋಡ ಎದ್ದು ಬರುತ್ತಿತ್ತು. ಅದು ಅಪ್ಪನಿಗೂ ಗೊತ್ತಿರಲಿಲ್ಲ. ಚಿತ್ರದಲ್ಲಿ ಉಳಿದದ್ದು ಒಂದು ಲೈಟು ಕಂಬ. ನಮ್ಮ ಆಲ್ಬಮ್ಮಿನಲ್ಲಿ ಸೋದರತ್ತೆಯ ಮದುವೆಯ ಪಕ್ಕದಲ್ಲಿ ಆ ಕಂಬ ಇಂದಿಗೂ ಬಂಧುವಿನಂತೆ ನಿಂತಿದೆ.

ಗೀಳು ಬಲಿತಾಗ ಅದಕ್ಕೆ ಶಾಸ್ತ್ರದ ಬಲವೂ ಬೇಕಾಗುತ್ತದೆ. 1802ರಲ್ಲಿ ಲಂಡನ್ನಿನ ಲ್ಯೂಕ್ ಹೋವರ್ಡ್ ಎಂಬ ಔಷಧ ವ್ಯಾಪಾರಿ, ನಿಂತಲ್ಲಿ ನಿಲ್ಲದ ಮೋಡಗಳಿಗೂ ನಾಮಕರಣ ಮಾಡಿದ. ಗುಂಗುರು ಕೂದಲಿನಂಥದ್ದು ಸಿರಸ್, ಗುಡ್ಡೆ ಹಾಕಿದಂಥದ್ದು ಕ್ಯುಮುಲಸ್, ಹಾಸಿದಂಥದ್ದು ಸ್ಟ್ರೇಟಸ್. ಕೊನೆಯದನ್ನು ನಮ್ಮ ಹುಡುಗ ‘ಸ್ಟೇಟಸ್’ ಎಂದೇ ಕೇಳಿಸಿಕೊಂಡು, ಇನ್ನೂರು ವರ್ಷದ ಹಿಂದೆಯೇ ಇತ್ತಾ ಎಂದು ಬೆರಗಾದ. ಮೇಷ್ಟ್ರು ಶಾಲೆಯಲ್ಲಿ ಹಿಮಕಣ ಮೋಡ, ರಾಶಿ ಮೋಡ, ಪದರು ಮೋಡ ಎಂದು ಪಾಠ ಮಾಡಿದ್ದು ಇವನ್ನೇ. 1896ರಲ್ಲಿ ಮೋಡಗಳಿಗೆಂದೇ ಒಂದು ಅಂತರರಾಷ್ಟ್ರೀಯ ಅಟ್ಲಾಸೂ ಬಂತು. ಈಗ ಮುಖ್ಯ ಕುಲಗಳು ಹತ್ತು.

ಇವುಗಳಲ್ಲಿ ಕೆಲವನ್ನು ಗುರುತಿಸಲು ಒಂದು ಬೆರಳಳತೆಯ ಉಪಾಯವಿದೆ. ಕುರಿಮಂದೆಯಂತೆ ಸಾಲಾಗಿ ಮೋಡ ಹರಡಿದೆ ಎನ್ನಿ. ಕೈಯನ್ನು ನೀಟಾಗಿ ಚಾಚಿ ಕಿರುಬೆರಳು ಎತ್ತಬೇಕು. ಒಂದೊಂದು ಕುರಿಯೂ ಕಿರುಬೆರಳಿನ ಮರೆಯಲ್ಲಿ ಅಡಗಿದರೆ ಮೋಡ ಬಲು ಎತ್ತರದ್ದು: ಸಿರೋಕ್ಯುಮುಲಸ್. ಒಂದರಿಂದ ಮೂರು ಬೆರಳಗಲವಿದ್ದರೆ ನಡುವಿನದು: ಆಲ್ಟೋಕ್ಯುಮುಲಸ್. ಅದಕ್ಕೂ ದೊಡ್ಡದಾದರೆ ಕೆಳಗಿನ ಸ್ಟ್ರೇಟೋಕ್ಯುಮುಲಸ್. ಇದನ್ನು ಕಲಿತ ಉತ್ಸಾಹದಲ್ಲಿ ಸಂಜೆ ತಾರಸಿಯ ನಡುವೆ ನಿಂತು, ಕಿರುಬೆರಳನ್ನು ಆಕಾಶಕ್ಕೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿದೆ. ಮೂವತ್ತೈದು ವರ್ಷ ಮಕ್ಕಳ ಕಿರುಬೆರಳು ಕಂಡ ಮೇಷ್ಟ್ರು ಆಚೆಯಿಂದ ಶಾಂತವಾಗಿ ಹೇಳಿದರು: ‘ಹೋಗಿ ಬರ್ರಿ ಸರ್, ನಿಮ್ಮ ಮನ್ಯಾಗ ನಮ್ಮನ್ಯಾಕ ಕೇಳ್ತೀರಿ?’

ಆಕಾಶಕ್ಕಾಗಿ ನಿಜವಾದ ನೂಕಾಟ ನೋಡಬೇಕೆಂದರೆ ಆಗುಂಬೆಗೆ ಹೋಗಬೇಕು. ಸೂರ್ಯಾಸ್ತ ನೋಡುವ ಕಟ್ಟೆಯ ಮೇಲೆ ನಾವು ಹೋದ ದಿನ ತೇರಿನ ಜನ. ಮಗುವನ್ನು ಹೆಗಲೇರಿಸಿಕೊಂಡವರು, ಚುರುಮುರಿ ಪೊಟ್ಟಣದವರು, ಸೂರ್ಯನನ್ನು ಎರಡು ಬೆರಳಲ್ಲಿ ಹಿಡಿದಂತೆ ಫೋಟೊ ತೆಗೆಸಿಕೊಳ್ಳುವ ನವದಂಪತಿ. ಎಲ್ಲ ಸರಿಯಾಗಿತ್ತು. ಇನ್ನೇನು ಸೂರ್ಯ ಇಳಿಯಬೇಕು, ಎಲ್ಲಿತ್ತೋ ಒಂದು ಮೋಡ, ಮದುಮಗನಿಗೆ ಅಂತರಪಟ ಹಿಡಿದಂತೆ ಅಡ್ಡ ಬಂದು ನಿಂತಿತು. ‘ಅಯ್ಯೋ’ ಎಂದು ಇಡೀ ಘಟ್ಟ ಒಂದೇ ದನಿಯಲ್ಲಿ ಉಸಿರು ಬಿಟ್ಟಿತು. ಬೈಕುಗಳು ಶುರುವಾದವು. ನಮ್ಮ ಡ್ರೈವರ್ ಕಾಫಿಗೆ ಹೋಗಿದ್ದರಿಂದ ನಾವು ವಿಧಿಯಿಲ್ಲದೆ ಅಲ್ಲೇ ನಿಂತೆವು. ಹತ್ತು ನಿಮಿಷ ಕಳೆಯಿತು. ಮುಳುಗಿದ ಸೂರ್ಯ ಕೆಳಗಿನಿಂದ ಬೆಳಕು ಎರಚಿದ್ದೇ ತಡ, ಮೇಲಿನ ಮೋಡಗಳ ಹೊಟ್ಟೆ ಮೊದಲು ಕೇಸರಿ, ಆಮೇಲೆ ದಾಳಿಂಬೆ, ಕಡೆಗೆ ನೇರಳೆ. ಮೋಡವೇ ಇಲ್ಲದಿದ್ದರೆ ಆ ಬಣ್ಣ ಬಳಿಯಲು ಗೋಡೆ ಎಲ್ಲಿರುತ್ತಿತ್ತು? ಜನ ಬೈದು ಹೋದ ಮೋಡವೇ ಆ ಸಂಜೆಯ ಮುಖ್ಯ ಅತಿಥಿ. ಖಾಲಿ ಕಟ್ಟೆಯ ಮೇಲೆ ಉಳಿದಿದ್ದವರು ಆರೇಳು ಮಂದಿ. ಜಾಗ ಬೇಕಾದಷ್ಟಿತ್ತು. ಆದರೂ ಎಲ್ಲರೂ ಒಂದೇ ಮೂಲೆಗೆ ಒತ್ತಿಕೊಂಡು, ಪರಿಚಯವಿಲ್ಲದವರ ಮೊಣಕೈ ತಿವಿದು, ‘ಅಲ್ನೋಡಿ, ಅಲ್ನೋಡಿ’ ಎನ್ನುತ್ತಿದ್ದೆವು.

ಕಾಳಿದಾಸನ ಯಕ್ಷನ ಕಷ್ಟ ನನಗೆ ಅರ್ಥವಾದದ್ದು ಆಗಲೇ. ಆಷಾಢದ ಮೊದಲ ದಿನ ರಾಮಗಿರಿಯ ಮೇಲೆ ಆನೆಯಂಥ ಮೋಡವೇ ಬಂದಿತ್ತು. ತಿವಿದು ತೋರಿಸಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಪಾಪ, ಮೋಡವನ್ನೇ ಮಾತಾಡಿಸಿದ.

ಫೋನಿನಲ್ಲಿ ನಾನು ತೆಗೆಯುವ ಮೋಡದ ಫೋಟೊಗಳ ಬಗ್ಗೆ ಮನೆಯಲ್ಲಿ ತಕರಾರು ಬಂದಾಗ ಅಮೆರಿಕದ ಆಲ್‌ಫ್ರೆಡ್ ಸ್ಟೀಗ್ಲಿಟ್ಸ್‌ನ ಉದಾಹರಣೆ ಕೊಟ್ಟೆ. 1922ರಿಂದ ವರ್ಷಗಟ್ಟಲೆ ಆತ ಮೋಡಗಳನ್ನೇ ಕ್ಲಿಕ್ಕಿಸಿದ; ಇಂದು ಅವು ಮ್ಯೂಸಿಯಮ್ಮುಗಳಲ್ಲಿವೆ. ‘ಅವರ ಹೆಂಡತಿ ಏನೂ ಅನ್ನಲಿಲ್ವಾ?’ ಎಂದಳು ನನ್ನವಳು. ಆಕೆ ಜಾರ್ಜಿಯಾ ಓಕೀಫ್. ವಿಮಾನದ ಕಿಟಕಿಯಿಂದ ಕಂಡ ಮೋಡಗಳನ್ನು 1965ರಲ್ಲಿ 24 ಅಡಿ ಅಗಲದ ಕ್ಯಾನ್ವಾಸಿನ ಮೇಲೆ ತನ್ನ ಗ್ಯಾರೇಜಿನಲ್ಲೇ ಬಿಡಿಸಿದವಳು. ‘ನೋಡಿ, ಅವರಿಗೆ ಗ್ಯಾರೇಜಾದ್ರೂ ಇತ್ತು’ ಎಂದು ಇವಳು ಚರ್ಚೆಯನ್ನು ನಮ್ಮ ಪಾರ್ಕಿಂಗ್ ಸಮಸ್ಯೆಗೆ ತಿರುಗಿಸಿದಳು.

ಕಳೆದ ವಾರ ಫೋನು ತುಂಬಿ, ಇನ್ನೊಂದು ಚಿತ್ರಕ್ಕೂ ಜಾಗವಿಲ್ಲ ಎಂದು ಮುಷ್ಕರ ಹೂಡಿತು. ಊರಿಂದ ಬಂದಿದ್ದ ಮಗಳು ಶುಚಿ ಮಾಡಲು ಕೂತಳು. ‘ಅಪ್ಪಾ, ಎರಡು ಸಾವಿರದ ಮೇಲೆ ಮೋಡ ಇದೆ, ಎಲ್ಲಾ ಒಂದೇ ಥರ. ಅರ್ಧಕ್ಕರ್ಧ ಕೆಟ್ಟಿವೆ ಬೇರೆ. ನೋಡು, ಮೂಲೇಲಿ ಬೆರಳು.’ ನೋಡಿದೆ. ಹೌದು, ಮೂಲೆಮೂಲೆಯಲ್ಲೂ ಬೆರಳು. ಹಸಿರು ಬಳೆಯ ಕೈಯ ಬೆರಳು, ಪವಳದುಂಗುರ ತೊಟ್ಟ ಮೇಷ್ಟ್ರ ಬೆರಳು, ಉಗುರು ಕಚ್ಚಿ ಕಚ್ಚಿ ಮೋಟಾದ ಸಾಫ್ಟ್‌ವೇರ್ ಬೆರಳು, ಅಲ್ಲಲ್ಲಿ ನನ್ನದೇ ಅಪಖ್ಯಾತ ಕಿರುಬೆರಳು. ‘ಅಲ್ಲಿ ಅಲ್ಲ, ಇಲ್ಲಿ’ ಎಂದು ತೋರಿಸುವ ಗಡಿಬಿಡಿಯಲ್ಲಿ ಫ್ರೇಮಿನೊಳಗೆ ನುಗ್ಗಿದವು. ‘ಇವನ್ನ ಅಳಿಸಿಬಿಡ್ಲಾ?’ ಎಂದಳು ಮಗಳು.

‘ಬೆರಳಿಲ್ಲದ್ದನ್ನ ಅಳಿಸು’ ಎಂದೆ. ಇದ್ರಲ್ಲಿ ಯಾರಿದ್ದಾರೆ ಎಂದು ಅಜ್ಜಿ ಈಗ ಕೇಳಿದ್ದರೆ ಒಬ್ಬೊಬ್ಬರ ಹೆಸರೂ ಹೇಳಬಹುದಿತ್ತು.

ಅಷ್ಟರಲ್ಲಿ ಮೇಲಿನಿಂದ ಕೂಗು: ‘ರೀ, ಬೇಗ ಬನ್ನಿ, ಆನೆ!’ ಮಂಡಿನೋವು ಮರೆತು ಎರಡೆರಡು ಮೆಟ್ಟಿಲು ಹತ್ತಿದೆ. ಹೆಂಡತಿ ಸಂಡಿಗೆಯ ಪಂಚೆಯನ್ನು ಅರ್ಧ ಮಡಚಿ ಹಿಡಿದು ಪಶ್ಚಿಮಕ್ಕೆ ಬೆರಳು ತೋರಿಸುತ್ತಿದ್ದಳು. ನೋಡಿದರೆ ಅಪ್ಪಟ ರುಬ್ಬುಗುಂಡು. ಕನ್ನಡಕದ ಮಾತು ನಾಲಗೆಯ ತುದಿಗೆ ಬಂತು. ನುಂಗಿಕೊಂಡು, ಅವಳನ್ನು ಸ್ವಲ್ಪ ಆಚೆ ನೂಕಿ ಪಕ್ಕದಲ್ಲಿ ಜಾಗ ಮಾಡಿಕೊಂಡೆ.